ಶುದ್ಧ ರಿಷಭ ಯಾವುದು?

ಡಿಗ್ರಿಗೆ ಸಂಗೀತವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಳ್ಳಬೇಕೆನ್ನುವವರು ನಮ್ಮ ಘಾಟ್ಕೋಪರಿನ ಕನ್ನಡ ಹುಡುಗ ಹುಡುಗಿಯರಲ್ಲಿ ಕೆಲವರಾದರೂ ಇದ್ದಾರೆ. ನಾನೂ ಅವರಲ್ಲೊಬ್ಬ. ‘ಸರಳೆ, ಜಂಟಿ, ಗೀತೆ ಎಲ್ಲ ಆಗಿದೆಯಲ್ಲ, ಇನ್ನೇನು ತಯಾರಿ?’ ಎಂದು ಮನೆಯವರು ಕೇಳ್ತಾರೆ. ತಯಾರಿ ಬೇಕು. ನಾವು ಕಲಿತದ್ದು ಕರ್ನಾಟಕ ಪದ್ಧತಿ. 1969ರಲ್ಲಿ ಆರಂಭವಾದ ಮುಂಬಯಿ ವಿಶ್ವವಿದ್ಯಾನಿಲಯದ ಸಂಗೀತ ವಿಭಾಗದಲ್ಲಿ ಒತ್ತು ಹಿಂದೂಸ್ತಾನಿಗೆ. ಎರಡರಲ್ಲೂ ಸ್ವರಸ್ಥಾನ ಹನ್ನೆರಡೇ. ತೊಡಕು ಇರುವುದು ಹೆಸರುಗಳಲ್ಲಿ.

ಮೊದಲು ಸ್ವರ. ನಮ್ಮ ಸರಳೆ ವರಸೆ ಮಾಯಾಮಾಳವಗೌಳದಲ್ಲಿ. ಅದರ ರಿಷಭಕ್ಕೆ ನಾವು ‘ಶುದ್ಧ’ ಎನ್ನುತ್ತೇವೆ, ಹಿಂದೂಸ್ತಾನಿಯವರು ‘ಕೋಮಲ’ ಎನ್ನುತ್ತಾರೆ. ಅವರ ಶುದ್ಧ ರಿಷಭ ನಮ್ಮ ಚತುಶ್ರುತಿ ರಿಷಭ. ಧೈವತದ ಕತೆಯೂ ಇದೇ. ಪರೀಕ್ಷಕರು ‘ಶುದ್ಧ ರಿಷಭ ಹಾಡಿ’ ಎಂದರೆ ಒಂದು ಸ್ಥಾನ ಕೆಳಗೆ ಹಾಡಿಯೇವು, ಜೋಕೆ! ಮಧ್ಯಮ ಮಾತ್ರ ಪುಣ್ಯಕ್ಕೆ ಎರಡೂ ಕಡೆ ಶುದ್ಧವೇ; ಪ್ರತಿಮಧ್ಯಮ ಅಲ್ಲಿ ‘ತೀವ್ರ’ವಾಗ್ತದೆ.

ಎರಡನೆಯದು ರಾಗ. ನಮ್ಮ ಮೋಹನಕ್ಕೆ ಅಲ್ಲಿ ಭೂಪ್, ಹಿಂದೋಳಕ್ಕೆ ಮಾಲಕಂಸ. ಅವರ ಹಿಂಡೋಲ್ ಬೇರೆಯೇ ರಾಗ. ಅವರ ಭೈರವಿಯ ಸ್ವರಗಳು ನಮ್ಮ ತೋಡಿಯವು. ಅವರ ತೋಡಿಯವು ನಮ್ಮ ಶುಭಪಂತುವರಾಳಿಯವು. ಸ್ವರ ಕೂಡಿದರೂ ಗಮಕ, ನಡೆ ಬೇರೆ. ಅದನ್ನು ಕೇಳಿಯೇ ಕಲಿಯಬೇಕು. ನಮ್ಮ 72 ಮೇಳಗಳ ಜಾಗದಲ್ಲಿ ಅಲ್ಲಿ 10 ಥಾಟುಗಳು. ಹಾಗೆ ವಿಂಗಡಿಸಿದ ವಿಷ್ಣು ನಾರಾಯಣ ಭಾತಖಂಡೆ (1860–1936) ಇದೇ ಮುಂಬಯಿಯ ವಾಲಕೇಶ್ವರದವರು. ಅವರ ಸ್ವರಲಿಪಿಯನ್ನು ಈಗಲೇ ರೂಢಿ ಮಾಡಿಕೊಳ್ಳೋಣ: ಕೋಮಲಕ್ಕೆ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮಕ್ಕೆ ಮೇಲೆ ಲಂಬಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ.

ಮೂರನೆಯದು ತಾಳ. ಆದಿತಾಳಕ್ಕೆ 8 ಅಕ್ಷರ. ತೀನತಾಲಕ್ಕೆ 16 ಮಾತ್ರೆ, 9ನೆಯದರಲ್ಲಿ ಖಾಲಿ. ರೂಪಕ ಎಂಬ ಹೆಸರು ಎರಡೂ ಕಡೆ ಉಂಟು. ನಮ್ಮದು 6 ಅಕ್ಷರ, ಅವರದು 7 ಮಾತ್ರೆ, ಅದೂ ಖಾಲಿಯಿಂದಲೇ ಆರಂಭ. ಘಾಟ್ಕೋಪರಿನಲ್ಲಿ ಲೋಕಲ್ ಹತ್ತಿದರೆ ಕಾಲಿಡಲು ಜಾಗ ಸಿಗಲಿಕ್ಕಿಲ್ಲ, ಬೆರಳಲ್ಲಿ ಮಾತ್ರೆ ಎಣಿಸಲು ಸಿಕ್ಕೇ ಸಿಗ್ತದೆ.

ಇದು ಹೊಸ ದಾರಿಯೇನಲ್ಲ. ಮಲ್ಲಿಕಾರ್ಜುನ ಮನ್ಸೂರರು ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತ ಕಲಿತರು. ಆಮೇಲೆ ಮೀರಜಿನ ನೀಲಕಂಠಬುವಾ ಅವರಲ್ಲಿ, 1930ರ ದಶಕದಲ್ಲಿ ಮುಂಬಯಿಯಲ್ಲಿ ಮಂಜೀಖಾನರಲ್ಲಿ ಹಿಂದೂಸ್ತಾನಿ ಕಲಿತರು. ನಾವೂ ಮನೆಯ ಪಾಠವನ್ನು ಮರೆಯಬೇಕಾಗಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ನಮ್ಮ ಹೆಸರು, ಬಲಕ್ಕೆ ಅವರ ಹೆಸರು ಬರೆಯೋಣ. ದಿನಾ ತಂಬೂರಿಯ ಶ್ರುತಿಗೆ ಒಂದೊಂದೇ ಸ್ವರ ಹಿಡಿದು ಎರಡೂ ಹೆಸರಿನಿಂದ ಕರೆಯೋಣ. ಪ್ರವೇಶ ಪರೀಕ್ಷೆಯ ಹೊತ್ತಿಗೆ ಯಾವ ಹೆಸರಲ್ಲಿ ಕೇಳಿದರೂ ಕಂಠ ಸರಿಯಾದ ಜಾಗಕ್ಕೆ ಹೋಗಿ ನಿಂತರೆ ಸಾಕು.