ನಾಲೆಯ ತಲೆಯೂ ನಾಲೆಯ ಕೊನೆಯೂ

ದೇಶದಲ್ಲಿ ಐಶ್ವರ್ಯವು ಹೆಚ್ಚಿದರೂ ಬಡವನು ಬಡವನಾಗಿಯೇ ಉಳಿಯುವದು ಯಾಕೆಂಬದನ್ನು ಈ ಪಾಠದಲ್ಲಿ ವಿಚಾರಿಸುವೆವು. ಇದಕ್ಕೆ ದೂರದ ದೃಷ್ಟಾಂತ ಬೇಡ. ಹರಿಹರದ ಸೀಮೆಯಲ್ಲಿ, ಕಡರನಾಯಕನಹಳ್ಳಿಯ ಸುತ್ತಿನ ಗದ್ದೆಗಳ ಬದುವಿನ ಮೇಲೆ ನಿಂತರೆ ಸಾಕು.

ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಕಟ್ಟಿದ ಜಲಾಶಯದ ಪೂರ್ಣ ಮಟ್ಟವು 186 ಅಡಿ. ಅಲ್ಲಿಂದ ಹೊರಟ ಬಲದಂಡೆಯ ನಾಲೆಯು ದಾವಣಗೆರೆ ಹರಿಹರಗಳ ಸೀಮೆಗೆ ನೀರು ತಂದ ಮೇಲೆ, ಜೋಳ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ಇದು ಮಹಾ ಉಪಕಾರವೇ ಸರಿ. ಆದರೆ ನಾಲೆಯ ತಲೆಯಲ್ಲಿರುವವನು ಅರೆನೀರಾವರಿಗೆಂದು ಗೊತ್ತುಮಾಡಿದ ಭೂಮಿಯಲ್ಲಿಯೂ ಭತ್ತ ನೆಡುವನು, ಅಡಿಕೆಯ ತೋಟ ಹಾಕುವನು. ಕೆಲವರು ನಾಲೆಗೇ ಪಂಪ್‌ಸೆಟ್ಟು ಇಟ್ಟು ನೀರೆತ್ತುವರು. ಕೊನೆಯ ಭಾಗದವನಾದರೋ ಸಸಿಮಡಿ ಮಾಡಿ, ಗೊಬ್ಬರಕ್ಕೆ ಸಾಲ ತಂದು, ಬತ್ತಿದ ಕಾಲುವೆಯನ್ನು ನೋಡುತ್ತಾ ಕೂಡುವನು. ಬೆಳೆ ಹೋದ ವರುಷ ಬಡ್ಡಿ ಏರುವದು, ಎರಡು ಬೆಳೆ ಹೋದರೆ ಒಂದು ಎಕರೆ ಮಾರಾಟವಾಗುವದು, ಕೊಳ್ಳುವವನು ಯಾರು? ನೀರು ಸಿಕ್ಕಿದವನೇ. ಹೀಗೆ ಒಂದು ಸುಗ್ಗಿಯ ನೀರಿನ ಭೇದವು ಒಂದು ತಲೆಮಾರಿನಲ್ಲಿ ಭೂಮಿಯ ಭೇದವಾಗುವದು. ಇದರಲ್ಲಿ ಸೋಮಾರಿತನದ ಮಾತೇ ಇಲ್ಲ. ಬಡವರೆಲ್ಲರೂ ಮೈಗಳ್ಳರೆಂದು ಹೇಳುವವರು ಇದನ್ನು ಆಲೋಚಿಸಲಿ.

ಇದಕ್ಕೆ ಪರಿಹಾರವು ಸರದಿ. ನೀರು ಬಳಕೆದಾರರ ಸಹಕಾರ ಸಂಘಗಳು ತಮ್ಮ ತೂಬುಗಳ ನೀರನ್ನು ತಾವೇ ಹಂಚಿಕೊಳ್ಳಬಹುದು. ಕೊನೆಯ ಗದ್ದೆಯಿಂದ ಸರದಿಯನ್ನು ಆರಂಭಿಸುವ ಕ್ರಮವು ಅತ್ಯುತ್ತಮವೆಂದು ನಮಗೆ ತೋರುತ್ತದೆ. ಸಂಘದ ಮುಂದಾಳುಗಳು ನಾಲೆಯ ತಲೆಯವರೇ ಆಗಿದ್ದರೆ ಮಾತ್ರ ಅದು ಕಾಗದದಲ್ಲೇ ಉಳಿಯುವದು.

ಎರಡನೆಯದು ಸಾಲದ ವಿಷಯ. ಜರ್ಮನಿಯಲ್ಲಿ ರೈಫೈಸನ್ ಎಂಬ ಗ್ರಾಮಾಧಿಕಾರಿಯು 1864ರಲ್ಲಿ ಹೆಡ್ಡೆಸ್‌ಡೋರ್ಫ್ ಎಂಬ ಊರಿನಲ್ಲಿ ರೈತರ ಸಾಲದ ಸಂಘವನ್ನು ಕಟ್ಟಿದನು. ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆಯಾಗುವದೇ ಅದರ ಬಲ. ಯಾಕಂದರೆ ನೆರೆಯವನ ಗುಣವನ್ನು ಸಾಹುಕಾರನಿಗಿಂತ ನೆರೆಯವನೇ ಚೆನ್ನಾಗಿ ಬಲ್ಲನು. ಹಿಂದೂದೇಶದಲ್ಲಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಹುಟ್ಟಿತು. ಮರುವರುಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘವನ್ನು ಸ್ಥಾಪಿಸಿದರು. ಕನ್ನಡ ನಾಡಿನ ಒಂದು ಹಳ್ಳಿಯು ಇದರಲ್ಲಿ ದೇಶಕ್ಕೆ ದಾರಿ ತೋರಿಸಿತು.

ಆದರೆ ಈ ದಾರಿಯ ಬಾಗಲಲ್ಲಿ ಪಹಣಿ ಎಂಬ ಚೀಲಕವುಂಟು. 2023ರ ಆಯವ್ಯಯದಲ್ಲಿ ಸರಕಾರವು ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಅದು ಪಹಣಿಯಲ್ಲಿ ಹೆಸರುಳ್ಳವನಿಗೆ. 1974ರ ಭೂಸುಧಾರಣೆಯ ಕಾನೂನು ಅನೇಕ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ಸೈನಿಕರೇ ಮೊದಲಾದ ಕೆಲವರ ಹೊರತು ಮುಂದಕ್ಕೆ ಗೇಣಿ ಕೊಡುವದನ್ನು ಅದೇ ಕಾನೂನು ನಿಷೇಧಿಸಿತು. ಆದರೂ ಗೇಣಿಯು ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಈಗ ಕೋರಿಗೋ ಗುತ್ತಿಗೆಗೋ ಉಳುವವನ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಮಳೆ ಕೆಟ್ಟರೆ ನಷ್ಟವು ಅವನದು, ಪರಿಹಾರದ ಹಣವು ಒಡೆಯನ ಖಾತೆಗೆ. ಒಳ್ಳೆಯ ಕಾನೂನು ಹೀಗೂ ಒಬ್ಬನನ್ನು ಹೊರಗೆ ನಿಲ್ಲಿಸುವದುಂಟು.

ಕೂಲಿಯವರ ಮನೆಗಳಲ್ಲಿ ಹೆಂಗಸರೇ ಮೊದಲು ಉಪಾಯ ಕಂಡುಕೊಂಡರು. 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳಲ್ಲಿ ಅವರು ವಾರವಾರವೂ ಸ್ವಲ್ಪ ಸ್ವಲ್ಪ ಉಳಿಸಿ, ತಮ್ಮೊಳಗೇ ಸಾಲ ಕೊಟ್ಟುಕೊಂಡರು; ಅಲ್ಲಿ ಪಹಣಿಯನ್ನು ಕೇಳುವವರಿಲ್ಲ. ಹೊರಗಿನ ಕಿರುಸಾಲದವರು ಮನೆಬಾಗಲಿಗೆ ಬಂದು ಪೀಡಿಸಿದ್ದು ಬೇರೆ ಸಂಗತಿ. ಅವರ ಬಲಾತ್ಕಾರವನ್ನು ತಡೆಯುವದಕ್ಕೆ 2025ರಲ್ಲಿ ಸರಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಮದುವೆಗೆ ಮಾಡಿದ ಸಾಲವೂ ಎಮ್ಮೆಗೆ ಮಾಡಿದ ಸಾಲವೂ ಒಂದೇ ಅಲ್ಲವೆಂಬದನ್ನು ನಮ್ಮ ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು.

ಮುಂದಿನ ಕೂಟಕ್ಕೆ ಬರುವಾಗ ಎರಡು ಸಂಗತಿಗಳನ್ನು ವಿಚಾರಿಸಿಕೊಂಡು ಬರಬೇಕು: ನಿಮ್ಮ ಊರಿನ ಸಹಕಾರಿ ಸಂಘದ ಸದಸ್ಯರಲ್ಲಿ ಭೂಮಿಯಿಲ್ಲದವರು ಎಷ್ಟು ಮಂದಿ? ಕಳೆದ ಬೇಸಿಗೆಯಲ್ಲಿ ನಾಲೆಯ ನೀರು ಕಟ್ಟಕಡೆಯ ಗದ್ದೆಯನ್ನು ಎಷ್ಟು ಸಾರಿ ಮುಟ್ಟಿತು?