ದಪ್ಪ ಪುಸ್ತಕಕ್ಕೆ ಹೆದರಬೇಡಿ: ಕೊಪ್ಪಳ ಸೀಮೆಯ ಪ್ರಾಚೀನ ಇತಿಹಾಸ ಓದುವುದು, ಹಂತ ಹಂತವಾಗಿ

ಶಾಸನ ಸಂಪುಟ, ಉತ್ಖನನ ವರದಿ, ದೇವಾಲಯ ವಾಸ್ತುವಿನ ಗ್ರಂಥ ಎಂದ ಕೂಡಲೇ ‘ಅದೆಲ್ಲ ಪಂಡಿತರ ಕೆಲಸ’ ಎಂದು ಕೈ ಹಿಂದೆ ಎಳೆದುಕೊಳ್ಳುವವರೇ ಹೆಚ್ಚು. ಭಯಪಡಬೇಡಿ. ಇಂಥ ಪುಸ್ತಕವನ್ನು ಮೊದಲಿನಿಂದ ಕೊನೆಯತನಕ ಯಾರೂ ಓದುವುದಿಲ್ಲ, ಪಂಡಿತರೂ ಓದುವುದಿಲ್ಲ. ತಮಗೆ ಬೇಕಾದ ಆರೇಳು ಪುಟ ಹುಡುಕಿಕೊಂಡು ಓದುತ್ತಾರೆ. ಆ ಹುಡುಕಾಟವನ್ನೇ ಇಲ್ಲಿ ಕಲಿಯೋಣ. ಒಂದು ನೋಟ್‌ಬುಕ್, ಪೆನ್ಸಿಲ್, ಮೊಬೈಲ್ ಇದ್ದರೆ ಸಾಕು.

1. ಒಂದು ಕಲ್ಲು ಆರಿಸಿಕೊಳ್ಳಿ.
ಪುಸ್ತಕದಿಂದ ಶುರು ಮಾಡಬೇಡಿ, ನಿಮ್ಮ ಹತ್ತಿರದ ಸ್ಥಳದಿಂದ ಶುರು ಮಾಡಿ. ಕೊಪ್ಪಳದವರಿಗೆ ಗವಿಮಠದ ಬೆಟ್ಟದ ಅಶೋಕನ ಶಾಸನವಿದೆ. ಗಂಗಾವತಿಯವರಿಗೆ ಹಿರೇಬೆಣಕಲ್ಲಿನ ಶಿಲಾಸಮಾಧಿಗಳಿವೆ. ಯಲಬುರ್ಗಾ ಕಡೆಯವರಿಗೆ ಇಟಗಿಯ ಮಹಾದೇವ ದೇವಾಲಯ, ಕುಕನೂರಿನ ನವಲಿಂಗ ಗುಡಿ. ಕುಷ್ಟಗಿ ಕಡೆಯ ಹಳ್ಳಿಯವರಾದರೆ ದೊಡ್ಡ ಹೆಸರೇ ಬೇಕೆಂದಿಲ್ಲ, ಅಗಸಿ ಬಳಿ ನಿಂತ ವೀರಗಲ್ಲೋ ಹಣಮಪ್ಪನ ಗುಡಿ ಮುಂದಿನ ಶಾಸನದ ಕಲ್ಲೋ ಆದೀತು.

2. ಒಂದೇ ಒಂದು ಪ್ರಶ್ನೆ ಬರೆಯಿರಿ.
ನೋಟ್‌ಬುಕ್ಕಿನ ಮೊದಲ ಪುಟದ ತಲೆಯಲ್ಲಿ ಬರೆಯಿರಿ: ‘ಇಟಗಿಯ ಗುಡಿ ಕಟ್ಟಿಸಿದವರು ಯಾರು, ಯಾವಾಗ?’
ಇಲ್ಲಿ ಎಚ್ಚರ: ‘ಚಾಲುಕ್ಯರ ಇತಿಹಾಸ ತಿಳಿಯಬೇಕು’ ಎಂದು ಬರೆದರೆ ದಾರಿ ತಪ್ಪುತ್ತದೆ. ಪ್ರಶ್ನೆ ಸಣ್ಣದಿದ್ದಷ್ಟೂ ಉತ್ತರ ಬೇಗ ಸಿಗುತ್ತದೆ.

3. ಹಳೆಯ ಹೆಸರುಗಳ ಪಟ್ಟಿ ಮಾಡಿ.
ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997-98ರ ಸುಮಾರಿಗೆ. 1956ರ ತನಕ ಈ ಸೀಮೆ ಹೈದರಾಬಾದಿನ ಆಡಳಿತಕ್ಕೆ ಸೇರಿತ್ತು. ಹಾಗಾಗಿ ಹಳೆಯ ಪುಸ್ತಕಗಳು ‘ಕೊಪ್ಪಳ’ ಎಂದು ಹುಡುಕಿದರೆ ಸಿಗದೇ ಹೋಗಬಹುದು. ‘ರಾಯಚೂರು ಜಿಲ್ಲೆ’, ‘ಹೈದರಾಬಾದ್ ಸಂಸ್ಥಾನ’, ಶಾಸನಗಳಲ್ಲಿ ಬರುವ ‘ಕೊಪಣ’ ಎಂದು ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ಹುಡುಕುವಾಗ ಇಂದಿನ ಸ್ಪೆಲಿಂಗ್ ಜೊತೆಗೆ ನಿಜಾಮರ ಕಾಲದ ಕೆ-ಓ-ಪಿ-ಬಿ-ಎ-ಎಲ್ ಎಂಬುದನ್ನೂ ಟೈಪ್ ಮಾಡಿ. ಕುಕನೂರು, ಕನಕಗಿರಿ, ಕಾರಟಗಿ ಈಗ ಬೇರೆ ತಾಲ್ಲೂಕುಗಳು. ಹಳೆಯ ಪುಸ್ತಕದಲ್ಲಿ ಕುಕನೂರು ಯಲಬುರ್ಗಾದ ಕೆಳಗೆ, ಉಳಿದೆರಡು ಗಂಗಾವತಿಯ ಕೆಳಗೆ ಇರುತ್ತವೆ.

4. ಪ್ರಶ್ನೆಗೆ ತಕ್ಕ ಪುಸ್ತಕ ಗುರುತಿಸಿ.
ಅಶೋಕನ ಶಾಸನಕ್ಕೆ: ಗವಿಮಠ ಮತ್ತು ಕೊಪ್ಪಳದ ಇನ್ನೊಂದು ಬೆಟ್ಟವಾದ ಪಲ್ಕಿಗುಂಡಿನ ಬರಹಗಳು ಬೆಳಕಿಗೆ ಬಂದದ್ದು 1931ರಲ್ಲಿ. ಮರುವರ್ಷವೇ ಆರ್. ಎಲ್. ಟರ್ನರ್ ಸಂಪಾದಿಸಿದ ಪುಸ್ತಕ ‘ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್’ ಮಾಲೆಯ 10ನೇ ಸಂಖ್ಯೆಯಾಗಿ ಬಂತು.
ಕೊಪ್ಪಳದ ಕನ್ನಡ ಶಾಸನಗಳಿಗೆ: ಅದೇ ಮಾಲೆಯ 12ನೇ ಸಂಖ್ಯೆ, ಸಿ. ಆರ್. ಕೃಷ್ಣಮಾಚಾರ್ಲು ಅವರದು, 1935. ಇಲ್ಲಿನ ಜೈನ ಶಾಸನಗಳಿಗೆ ಪಿ. ಬಿ. ದೇಸಾಯಿಯವರ 1957ರ ಗ್ರಂಥ.
ಗುಡಿಯ ವಾಸ್ತುವಿಗೆ: ಹೆನ್ರಿ ಕಸಿನ್ಸ್ 1926ರಲ್ಲಿ ತಂದ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥ. ಇಟಗಿ, ಕುಕನೂರು ಎರಡೂ ಅದರಲ್ಲಿವೆ.
ಶಿಲಾಸಮಾಧಿಗಳಿಗೆ: ಅ. ಸುಂದರ ಅವರ 1975ರ ಇಂಗ್ಲಿಷ್ ಗ್ರಂಥ.
ನಿಮ್ಮ ಹಳ್ಳಿಯ ಶಾಸನಕ್ಕೆ: ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಕೊಪ್ಪಳ ಜಿಲ್ಲೆಯ ಶಾಸನ ಸಂಪುಟ. ಕನ್ನಡದಲ್ಲೇ ಓದಬೇಕೆನ್ನುವವರು ಇದರಿಂದಲೇ ಶುರು ಮಾಡಿ.

5. ಪುಸ್ತಕ ಕೈಗೆ ತಂದುಕೊಳ್ಳಿ.
ಮೊದಲು ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ, ಆಮೇಲೆ ಹತ್ತಿರದ ಡಿಗ್ರಿ ಕಾಲೇಜಿನ ಇತಿಹಾಸ ವಿಭಾಗದಲ್ಲಿ ಕೇಳಿ. ಕನ್ನಡ ವಿಶ್ವವಿದ್ಯಾಲಯದ ಪುಸ್ತಕಗಳು ಅದರ ಪ್ರಸಾರಾಂಗದಲ್ಲಿ ಮಾರಾಟಕ್ಕಿರುತ್ತವೆ. ಹಳೆಯ ಇಂಗ್ಲಿಷ್ ಗ್ರಂಥಗಳ ಸ್ಕ್ಯಾನ್ ಪ್ರತಿಗಾಗಿ ‘ಇಂಟರ್ನೆಟ್ ಆರ್ಕೈವ್’ ತಾಣದಲ್ಲಿ ಹುಡುಕಿ, ಪಿಡಿಎಫ್ ಇಳಿಸಿಕೊಳ್ಳಿ.

6. ಹಿಂದಿನಿಂದ ತೆರೆಯಿರಿ.
ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದೆ. ಅದರಲ್ಲಿ ನಿಮ್ಮ ಊರ ಹೆಸರು ಹುಡುಕಿ, ಪುಟಸಂಖ್ಯೆ ಬರೆದುಕೊಂಡು ನೇರ ಅಲ್ಲಿಗೇ ಹೋಗಿ. ಪೀಠಿಕೆ ಓದಲಿಲ್ಲ ಎಂದು ಸಂಕೋಚ ಬೇಡ.

7. ಮೊದಲು ಸಾರಾಂಶ ಓದಿ, ಆಮೇಲೆ ಪಾಠ.
ಒಂದೊಂದು ಶಾಸನಕ್ಕೂ ಊರು, ಕಲ್ಲು ಇರುವ ಜಾಗ, ಭಾಷೆ, ಅರಸು, ಕಾಲ ಎಂಬ ವಿವರವಿರುತ್ತದೆ. ಜೊತೆಗೆ ಸಾರಾಂಶ ಮತ್ತು ಸಾಲುಸಾಲಾಗಿ ಮೂಲ ಪಾಠ. ಹಳಗನ್ನಡ ಅರ್ಥವಾಗದಿದ್ದರೆ ಗಾಬರಿಯಾಗಬೇಡಿ. ಸಾರಾಂಶದಲ್ಲಿ ಕಂಡ ಹೆಸರನ್ನು ಪಾಠದಲ್ಲಿ ಹುಡುಕಿ ಗೆರೆ ಎಳೆಯಿರಿ (ಗ್ರಂಥಾಲಯದ ಪ್ರತಿಯಲ್ಲಲ್ಲ, ಜೆರಾಕ್ಸಿನಲ್ಲಿ!).
ಇಲ್ಲಿ ಎಚ್ಚರ: ಸಾಲಿನ ನಡುವೆ ಬರುವ ಚುಕ್ಕೆಗಳು ಅಳಿಸಿಹೋದ ಅಕ್ಷರಗಳು. ಕಂಸದೊಳಗೆ ಇರುವುದು ಬಹಳ ಸಲ ಸಂಪಾದಕರ ತಿದ್ದುಪಡಿ ಅಥವಾ ಊಹೆ. ಪುಸ್ತಕದ ಆರಂಭದಲ್ಲಿ ಸಂಕೇತಗಳ ಪಟ್ಟಿ ಇದ್ದರೆ ತಪ್ಪದೆ ನೋಡಿ.

8. ಇಸವಿಯ ಲೆಕ್ಕ ಹಾಕಿ.
ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ. ಆದರೆ ಶಕ ವರ್ಷ ಹುಟ್ಟುವುದು ಯುಗಾದಿಗೆ; ಜನವರಿಯಿಂದ ಯುಗಾದಿವರೆಗಿನ ತಿಥಿಗಳಿಗೆ 79 ಕೂಡಿಸಿ. ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಹೊಸ ಶಕೆಯನ್ನೇ ಆರಂಭಿಸಿದ. ಆ ಚಾಲುಕ್ಯ ವಿಕ್ರಮ ವರ್ಷಕ್ಕೆ 1075 ಕೂಡಿಸಬೇಕು. ಇಟಗಿಯ ಶಾಸನದ ವರ್ಷ 37. ಕೂಡಿಸಿ: 1112. ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಆ ಗುಡಿ ಕಟ್ಟಿಸಿದ. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ನೋಡಿ, ಎರಡನೇ ಹಂತದಲ್ಲಿ ಬರೆದ ಪ್ರಶ್ನೆಗೆ ಉತ್ತರ ಸಿಕ್ಕಿತು!
ಇಲ್ಲಿ ಎಚ್ಚರ: 1076 ಕೂಡಿಸಿ ಒಂದು ವರ್ಷ ಮುಂದೆ ಹೋಗುವವರು ಬಹಳ. 1076 ಎಂಬುದೇ ಮೊದಲ ವರ್ಷ, ಸೊನ್ನೆಯಲ್ಲ.

9. ಪುಸ್ತಕ ಹಿಡಿದು ಕಲ್ಲಿನ ಮುಂದೆ ನಿಲ್ಲಿ.
ಬೆಳಗಿನ ಇಲ್ಲವೇ ಸಂಜೆಯ ಓರೆ ಬಿಸಿಲಲ್ಲಿ ಹೋಗಿ, ಅಕ್ಷರದ ಕೊರೆತ ಆಗ ಚೆನ್ನಾಗಿ ಕಾಣುತ್ತದೆ. ಗವಿಮಠದಲ್ಲಿ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಕಾಲ ಕ್ರಿ.ಪೂ. 3ನೇ ಶತಮಾನ. ಬ್ರಾಹ್ಮಿ ಎಂದರೆ ಬೆಚ್ಚಬೇಡಿ. ಅದರ ‘ಕ’ ಥೇಟ್ ಕೂಡಿಸುವ ಗುರುತು, ‘ಠ’ ಒಂದು ದುಂಡು ಸೊನ್ನೆ. ಪುಸ್ತಕದ ಚಿತ್ರಫಲಕದಲ್ಲಿ ಮೊದಲು ಇಂಥ ಸುಲಭದ ಅಕ್ಷರ ಗುರುತಿಸಿ, ಆಮೇಲೆ ಬಂಡೆಯ ಮೇಲೆ ಹುಡುಕಿ.
ಇಲ್ಲಿ ಎಚ್ಚರ: ಅಕ್ಷರ ಎದ್ದು ಕಾಣಲೆಂದು ಸುಣ್ಣ, ಎಣ್ಣೆ, ಚಾಕ್‌ಪೀಸ್ ಹಚ್ಚಬೇಡಿ. ಕಲ್ಲಿಗೆ ಹಾನಿ, ಸಂರಕ್ಷಿತ ಸ್ಮಾರಕವಾದರೆ ಕಾನೂನಿಗೂ ವಿರುದ್ಧ. ಫೋಟೋ ಸಾಕು.

10. ಎರಡನೇ ಪುಸ್ತಕಕ್ಕೆ ಕೇಳಿ.
ಒಂದೇ ಪುಸ್ತಕ ನಂಬಿ ಕೂರಬೇಡಿ. ಹಿರೇಬೆಣಕಲ್ಲನ್ನೇ ನೋಡಿ. 19ನೇ ಶತಮಾನದಲ್ಲಿ ಮೆಡೋಸ್ ಟೇಲರ್ ದಖನ್ನಿನ ಶಿಲಾಸಮಾಧಿಗಳ ಬಗ್ಗೆ ಬರೆದಾಗ ಕಾಲ ನಿರ್ಣಯಿಸುವ ಇಂದಿನ ವಿಜ್ಞಾನವೇ ಇರಲಿಲ್ಲ. ತುಂಗಭದ್ರಾ ದಂಡೆಯ ಇತಿಹಾಸಪೂರ್ವ ನೆಲೆಗಳ ಬಗ್ಗೆ ಆಂಡ್ರ್ಯೂ ಬಾವರ್ ಬರೆದದ್ದು 2015ರಲ್ಲಿ. ಹಳೆಯ ಪುಸ್ತಕದಿಂದ ಆಗ ಅಲ್ಲಿ ಏನೇನಿತ್ತು ಎಂಬುದನ್ನು ತೆಗೆದುಕೊಳ್ಳಿ, ಕಾಲ ಮತ್ತು ಅರ್ಥಕ್ಕೆ ಹೊಸದನ್ನು ಕೇಳಿ. ಇಬ್ಬರ ಮಾತು ಬೇರೆಯಾದ ಕಡೆ ನೋಟ್‌ಬುಕ್ಕಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಅದೇ ನಿಮ್ಮ ಮುಂದಿನ ಪ್ರಶ್ನೆ.

11. ಒಂದು ಪುಟ ಬರೆದಿಡಿ.
ಪ್ರಶ್ನೆ, ಉತ್ತರ, ಪುಸ್ತಕದ ಹೆಸರು, ಲೇಖಕರು, ವರ್ಷ, ಪುಟಸಂಖ್ಯೆ. ಪುಟಸಂಖ್ಯೆ ಬಿಟ್ಟರೆ ಮುಂದೆ ಮತ್ತೆ ಮೊದಲಿನಿಂದ ಹುಡುಕಬೇಕಾದೀತು.

12. ನಿಮ್ಮ ಕಲ್ಲು ಪುಸ್ತಕದಲ್ಲಿ ಇಲ್ಲವೇ?
ಬೇಸರ ಬೇಡ. ಹಳೆಯ ಹೆಸರು, ಹಳೆಯ ತಾಲ್ಲೂಕಿನಡಿ ಮತ್ತೊಮ್ಮೆ ನೋಡಿ. ಆಗಲೂ ಸಿಗದಿದ್ದರೆ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ಊರು, ಜಾಗ, ಕಲ್ಲಿನ ಎತ್ತರ ಅಗಲ ಬರೆಯಿರಿ. ಅದನ್ನು ಪುರಾತತ್ವ ಇಲಾಖೆಗೋ ಕನ್ನಡ ವಿಶ್ವವಿದ್ಯಾಲಯದ ಶಾಸನಶಾಸ್ತ್ರ ವಿಭಾಗಕ್ಕೋ ಕಳಿಸಿಕೊಡಿ. ಕಲ್ಲನ್ನು ಮಾತ್ರ ಇದ್ದ ಜಾಗದಿಂದ ಅಲುಗಿಸಬೇಡಿ. ಸಂಪುಟಗಳಿಗೆ ಹೊಸ ಶಾಸನ ಸೇರುತ್ತ ಬಂದಿರುವುದು, ಊರಿನವರು ಯಾರೋ ಹೀಗೆ ನೋಡಿ ಹೇಳಿದ್ದರಿಂದಲೂ ಹೌದು.