ಸ್ಪ್ರೇ ಹೊಡೆಯುವ ಮುಂಚೆ, ಹೊಡೆದ ಮೇಲೆ

ಅರಕೇರಾ, ದೇವದುರ್ಗ, ಮಾನ್ವಿ ಕಡೆ ನಾಯಿ ಇಲ್ಲದ ಕುರಿಹಟ್ಟಿ ಸಿಗುವುದು ಕಷ್ಟ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಕಾಲುವೆ ನೀರು ಬಿಟ್ಟ ಮೇಲೆ ಗದ್ದೆಯ ಕೆಸರು, ಜೊತೆಗೆ ಕುರಿ-ದನಗಳ ಸಹವಾಸದ ಉಣ್ಣಿ. ನಾಯಿಯ ಚರ್ಮ ಕೆಡಲು ಇಷ್ಟು ಸಾಕು. “ಸರ್, ಮೈಯೆಲ್ಲ ಕಜ್ಜಿ ಹತ್ಯಾದ್ರಿ, ಒಂದು ಸ್ಪ್ರೇ ಬರಕೊಡ್ರಿ” ಎನ್ನುತ್ತಲೇ ಜನ ದನದ ದವಾಖಾನಿಯ ಮೆಟ್ಟಿಲು ಹತ್ತುತ್ತಾರೆ. ಸ್ಪ್ರೇ ಒಳ್ಳೆಯ ಔಷಧವೇ. ಆದರೆ ಚಿಕಿತ್ಸೆಯ ಮುಕ್ಕಾಲು ಪಾಲು ಕೆಲಸ ಗುಂಡಿ ಒತ್ತುವ ಮುಂಚೆ ಮತ್ತು ಒತ್ತಿದ ಮೇಲೆ ಇರುತ್ತದೆ. ಈ ಭಾಗದ ನಾಯಿಗಳನ್ನು ನೋಡುತ್ತ ಕಲಿತದ್ದು ಇಷ್ಟು.

1. ಮೊದಲು ಕಾಯಿಲೆ ಯಾವುದೆಂದು ತಿಳಿಯಿರಿ

ಸಣ್ಣ ಕೀವುಗುಳ್ಳೆ ಎದ್ದು ಒಡೆದು, ಅಂಚಿನಲ್ಲಿ ಸಿಪ್ಪೆ ಏಳುವ ದುಂಡು ಗುರುತು ಉಳಿದಿದ್ದರೆ ಅದು ಬ್ಯಾಕ್ಟೀರಿಯಾದ ಸೋಂಕು. ನಾಯಿಗಳಲ್ಲಿ ಬಹುತೇಕ ಸ್ಟ್ಯಾಫಿಲೊಕಾಕಸ್ ಸ್ಯೂಡಿಂಟರ್ಮೀಡಿಯಸ್ ಎಂಬ ಬ್ಯಾಕ್ಟೀರಿಯಾದ್ದೇ ಕೈವಾಡ. ಚರ್ಮ ಜಿಡ್ಡಾಗಿ, ಮುಗ್ಗಲು ವಾಸನೆ ಬಂದು, ಬೆರಳ ಸಂದಿ ಕಂದುಗಟ್ಟಿದ್ದರೆ ಮಲಾಸೀಜಿಯಾ ಎಂಬ ಯೀಸ್ಟ್ ಇರಬಹುದು. ಕೆಸರಲ್ಲೇ ತಿರುಗುವ ನಾಯಿಗಳಲ್ಲಿ ಈ ಸಂದಿಗಳನ್ನು ನೋಡಲೇಬೇಕು. ಕಿವಿಯಂಚು, ಮೊಣಕೈ ಮೇಲೆ ಹಕ್ಕಳೆ ಕಟ್ಟಿ ನಾಯಿ ಬಿಡದೆ ಕೆರೆಯುತ್ತಿದ್ದರೆ ಕಣ್ಣಿಗೆ ಕಾಣದ ಸಾರ್ಕಾಪ್ಟಿಸ್ ನುಸಿಯ ಮೇಲೆ ಅನುಮಾನ ಪಡಿ. ಕಿವಿಯ ತುದಿ ಮಡಚಿ ಉಜ್ಜಿದಾಗ ಹಿಂಗಾಲು ತಾನಾಗಿ ಕೆರೆಯಲು ಎದ್ದರೆ ಆ ಅನುಮಾನ ಗಟ್ಟಿಯಾಗುತ್ತದೆ. ಮನೆಯವರಿಗೂ ತುರಿಕೆ ಶುರುವಾಗಿದೆಯೇ ಎಂದು ಕೇಳುವುದನ್ನು ಮರೆಯಬಾರದು, ಈ ನುಸಿ ಮನುಷ್ಯರಿಗೂ ಹತ್ತುತ್ತದೆ. ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕದ ಸ್ಪ್ರೇ ಬ್ಯಾಕ್ಟೀರಿಯಾಕ್ಕೂ ಯೀಸ್ಟಿಗೂ ಆಗುತ್ತದೆ, ನುಸಿಗೆ ಆಗದು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿದರೆ ಬಾಟಲಿಯ ದುಡ್ಡು ಉಳಿಯುತ್ತದೆ.

2. ಔಷಧ ಚರ್ಮಕ್ಕೆ ಮುಟ್ಟಬೇಕು

ಗಾಯದ ಸುತ್ತ ಒಂದೆರಡು ಬೆರಳಗಲ ಕೂದಲು ಕತ್ತರಿಸಿ. ಒಣಗಿದ ಹಕ್ಕಳೆಯನ್ನು ಬೆಚ್ಚಗಿನ ಉಪ್ಪುನೀರಲ್ಲಿ ನೆನೆಸಿ ಮೆತ್ತಗೆ ತೆಗೆಯಿರಿ, ಕಿತ್ತು ರಕ್ತ ಬರಿಸಬೇಡಿ. ಕೀವಿನ ಮೇಲೆ ಎಷ್ಟು ಹೊಡೆದರೂ ಅದು ಕೀವಿನ ಮೇಲೇ ಉಳಿಯುತ್ತದೆ.

3. ಸೋಪಿನ ಜಿಡ್ಡು ಉಳಿಯಬಾರದು

ಬಟ್ಟೆ ಸೋಪಿನಲ್ಲಿ ನಾಯಿಯ ಮೈ ತೊಳೆದು, ಅರ್ಧಂಬರ್ಧ ನೀರು ಹಾಕಿ, ಅದರ ಮೇಲೆ ಸ್ಪ್ರೇ ಹೊಡೆಯುವವರು ಬಹಳ. ಸಾಮಾನ್ಯ ಸೋಪು ಕ್ಲೋರ್‌ಹೆಕ್ಸಿಡಿನ್‌ನ ಶಕ್ತಿಯನ್ನೇ ಕೊಲ್ಲುತ್ತದೆ. ಚೆನ್ನಾಗಿ ತೊಳೆದು, ಒರೆಸಿ, ಒಣಗಿದ ಮೇಲೆ ಹೊಡೆಯಿರಿ.

4. ಕಚ್ಚಿಸಿಕೊಳ್ಳಬೇಡಿ

ಬುಸ್ ಎನ್ನುವ ಸದ್ದಿಗೆ ಸಾಧು ನಾಯಿಯೂ ಬೆಚ್ಚುತ್ತದೆ. ಮೊದಲು ದೂರದಲ್ಲಿ ಒಂದೆರಡು ಸಲ ಹೊಡೆದು ಸದ್ದು ರೂಢಿ ಮಾಡಿಸಿ. ಮುಖದ ಹತ್ತಿರ ನೇರ ಹೊಡೆಯಲೇಬೇಡಿ. ಹತ್ತಿಗೆ ಹೊಡೆದು ಒರೆಸಿ. ಕ್ಲೋರ್‌ಹೆಕ್ಸಿಡಿನ್ ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪೊರೆಗೆ ಹಾನಿ, ತಮಟೆ ಹರಿದ ಕಿವಿಯೊಳಗೆ ಹೋದರೆ ಕಿವುಡು. ಕೈಗವಸು ಇರಲಿ. ನಾಯಿ ಕಚ್ಚಿದರೆ, ಪರಚಿದರೆ, ಜೊಲ್ಲು ಗಾಯಕ್ಕೆ ತಾಗಿದರೆ 15 ನಿಮಿಷ ಸೋಪುನೀರಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿ.

5. ನೆಕ್ಕಲು ಬಿಡಬೇಡಿ

ಹೊಡೆದ ಮೇಲೆ ಹತ್ತು ನಿಮಿಷವಾದರೂ ಔಷಧ ಚರ್ಮದ ಮೇಲೆ ನಿಲ್ಲಬೇಕು. ಸುಲಭದ ದಾರಿ ಎಂದರೆ ಊಟದ ಹೊತ್ತಿಗೇ ಹೊಡೆಯುವುದು: ಹೊಡೆದ ಕೂಡಲೇ ರೊಟ್ಟಿ-ಹಾಲು ಮುಂದಿಟ್ಟರೆ, ತಿನ್ನುವಷ್ಟು ಹೊತ್ತು ನೆಕ್ಕುವುದನ್ನು ಮರೆಯುತ್ತದೆ. ಹಟಮಾರಿ ನಾಯಿಗೆ ಕೊರಳ ಸುತ್ತ ಕೋನ್ ಕಟ್ಟಿ.

6. ಹುಳ ಬಿದ್ದ ಗಾಯದ ಲೆಕ್ಕವೇ ಬೇರೆ

ನೊಣ ಮೊಟ್ಟೆಯಿಟ್ಟ ಒಂದು ದಿನದೊಳಗೇ ಹುಳ ಆಗಬಹುದು, ಅದರಲ್ಲೂ ನಮ್ಮ ಸೆಕೆಯಲ್ಲಿ. ಹುಳದ ಸ್ಪ್ರೇ ಹೊಡೆದಾಗ ಮೇಲಿನವು ಹೊರಬೀಳುತ್ತವೆ, ಒಳಗಿನವು ಇನ್ನೂ ಆಳಕ್ಕೆ ಸರಿಯುತ್ತವೆ. ಹೊರಗೆ ಕಾಸಿನಗಲ ತೂತು ಕಂಡರೆ ಒಳಗೆ ಅಂಗೈಯಗಲ ಪೊಳ್ಳು ಇರಬಹುದು. ಚಿಮುಟದಿಂದ ಒಂದೊಂದಾಗಿ ತೆಗೆದು, ತೊಳೆದು, ಮರುದಿನ ಮತ್ತೆ ನೋಡಲೇಬೇಕು. ಟರ್ಪೆಂಟೈನ್ ಸುರಿದರೆ ಹುಳದ ಜೊತೆ ಮಾಂಸವೂ ಸುಡುತ್ತದೆ. ಗಾಯ ಮುಖದ ಮೇಲೋ ಗುದದ ಬಳಿಯೋ ಇದ್ದರೆ ಮನೆಯಲ್ಲಿ ಪ್ರಯತ್ನಿಸದೆ ವೈದ್ಯರಿಗೆ ತೋರಿಸಿ. ನಾಯಿಯನ್ನು ಸಾಗಿಸಲು ಆಗದಿದ್ದರೆ ಸಂಚಾರಿ ಪಶುಚಿಕಿತ್ಸಾ ಸೇವೆಯಾದ ಪಶು ಸಂಜೀವಿನಿಯ 1962 ಸಂಖ್ಯೆಗೆ ಕರೆ ಮಾಡಿ.

7. ಕರಿ ಆಯಿಲ್ ಬೇಡ, ಕಂಡ ಮುಲಾಮೂ ಬೇಡ

ಟ್ರ್ಯಾಕ್ಟರಿನ ಹಳೆ ಆಯಿಲ್ ಬಳಿದರೆ ಕಜ್ಜಿ ಹೋಗುತ್ತದೆಂಬ ನಂಬಿಕೆ ಇನ್ನೂ ಇದೆ. ಆ ಆಯಿಲಿನಲ್ಲಿ ಲೋಹದ ಅಂಶಗಳಿರುತ್ತವೆ. ನಾಯಿ ನೆಕ್ಕಿದಾಗ ಹೊಟ್ಟೆ ಸೇರುತ್ತವೆ. ಅಷ್ಟೇ ಅಪಾಯದ್ದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ, ಮನುಷ್ಯರ ಸ್ಟೀರಾಯ್ಡ್ ಮುಲಾಮು. ಎರಡು ದಿನ ತುರಿಕೆ ನಿಂತಂತೆ ಕಾಣುತ್ತದೆ, ಸೋಂಕು ಒಳಗೊಳಗೇ ಹಬ್ಬುತ್ತದೆ. ಪರ್ಮೆಥ್ರಿನ್ ಇರುವ ಉಣ್ಣಿ ಸ್ಪ್ರೇ ನಾಯಿಗೆ ಸರಿ. ಅದೇ ಮನೆಯ ಬೆಕ್ಕಿಗೆ ವಿಷ.

8. ಬಾಟಲಿಯನ್ನು ಬಿಸಿಲಿಗಿಡಬೇಡಿ

ಗ್ಯಾಸ್ ತುಂಬಿದ ಡಬ್ಬಿಯನ್ನು ಜೀಪಿನ ಗಾಜಿನ ಕೆಳಗೆ, ತಗಡಿನ ಚಾವಣಿಯ ಕೋಣೆಯಲ್ಲಿ ಇಟ್ಟರೆ ಸಿಡಿಯಬಹುದು. ಒಲೆ, ಬೀಡಿ ದೂರವಿರಲಿ.

9. ಕೂದಲು ಬಂತೆಂದು ನಿಲ್ಲಿಸಬೇಡಿ

ಮೇಲ್ಪದರದ ಸೋಂಕಿಗೆ ಸಾಮಾನ್ಯವಾಗಿ ಎರಡು-ಮೂರು ವಾರ ಬೇಕು. ಚರ್ಮ ವಾಸಿಯಾದಂತೆ ಕಂಡ ಮೇಲೂ ಒಂದು ವಾರ ಮುಂದುವರಿಸಬೇಕು. ಇಲ್ಲಿ ಬಹುಪಾಲು ಜನ ಸೋಲುವುದು ಈ ಕೊನೆಯ ವಾರದಲ್ಲೇ. ಮೇಲ್ಪದರದ ಸೋಂಕಿಗೆ ಮಾತ್ರೆಗಿಂತ ಮೊದಲು ಹಚ್ಚುವ ಔಷಧವನ್ನೇ ಬಳಸಿ ಎಂದು ಪಶುವೈದ್ಯ ತಜ್ಞರು ಇಂದು ಜಗತ್ತಿನಾದ್ಯಂತ ಹೇಳುತ್ತಿರುವುದಕ್ಕೂ ಕಾರಣವಿದೆ: ಆ್ಯಂಟಿಬಯಾಟಿಕ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ನಾಯಿಗಳಲ್ಲಿ ಹೆಚ್ಚುತ್ತಿದೆ.

10. ಮರಳಿ ಬಂದರೆ ಚರ್ಮವೊಂದನ್ನೇ ನೋಡಬೇಡಿ

ಸರಿಯಾಗಿ ಹೊಡೆದರೂ ಅದೇ ಸೋಂಕು ಮತ್ತೆ ಮತ್ತೆ ಬಂದರೆ ಮೂಲ ಬೇರೆ ಕಡೆ ಇದೆ: ಚಿಗಟ, ಉಣ್ಣಿ, ಆಹಾರದ ಅಲರ್ಜಿ, ಥೈರಾಯ್ಡ್ ಕೊರತೆ. ಕುರಿಹಟ್ಟಿಯ ನಾಯಿಯಾದರೆ ಅದು ಮಲಗುವ ಜಾಗ, ಜೊತೆಗಿರುವ ಕುರಿ, ಉಳಿದ ನಾಯಿಗಳು, ಎಲ್ಲದರ ಉಣ್ಣಿಗೂ ಒಟ್ಟಿಗೇ ಔಷಧ ಆಗಬೇಕು. ಆಗಲೂ ಬಗ್ಗದಿದ್ದರೆ ಇನ್ನೊಂದು ಬಾಟಲಿ ಕೊಳ್ಳುವ ಬದಲು, ಕೀವಿನ ಮಾದರಿ ತೆಗೆದು ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ಪರೀಕ್ಷೆ ಮಾಡಿಸಲು ವೈದ್ಯರನ್ನು ಕೇಳಿ.